ಬರಲಿರುವ ಚಿತ್ರದಲ್ಲಿ ನಿನ್ನವ್ವ

ಶಿಕಾರಿಪುರ
೨೨–೪–೧೯೫೮

ಪ್ರೀತಿಯ ಮಗಳು ಲೋಕಮ್ಮನಿಗೆ ಅಪ್ಪನ ಮನಸ್ಸು ತುಂಬಿದ ಹಾರೈಕೆ.

ನೀನು, ಅಳಿಯಂದಿರು ಸಣ್ಣಬೀರಪ್ಪನವರು, ಮಗು, ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಮಗುವಿನ ಕೆಮ್ಮು ನಿಂತಿತೇ? ಮದರಾಸಿನ ಸೆಕೆಯಲ್ಲಿ ಕೆಮ್ಮು ಎಲ್ಲಿಂದ ಬರುತ್ತದೆಯೋ ನನಗೆ ತಿಳಿಯದು, ಆದರೂ ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡಿ ಕುಡಿಸು. ಅಲ್ಲಿ ಆ ಗಿಡ ಸಿಗದಿದ್ದರೆ ಬರೆ, ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬರುವವರ ಕೈಲಿ ಕಳಿಸುತ್ತೇನೆ. ನಾನು ಆರೋಗ್ಯ. ಮಂಡಿ ನೋವು ಇದ್ದಷ್ಟೇ ಇದೆ. ಅಡಿಗೆಗೆ ಬರುವ ಹಾಲಮ್ಮ ಸಾರಿಗೆ ಉಪ್ಪು ಮರೆಯುತ್ತಾಳೆ, ನೆನಪಿಸಿದರೆ ಮಾರನೆಯ ದಿನ ಸೇರಿಸಿ ಹಾಕುತ್ತಾಳೆ. ಕಚೇರಿಯಲ್ಲಿ ಪಹಣಿ ನಕಲು ಮಾಡುವ ಕೆಲಸ ಎಂದಿನಂತೆ ನಡೆದಿದೆ. ಆದರೆ ಮೊನ್ನೆ ಒಬ್ಬ ರೈತನ ಒಣ ಜಮೀನಿನ ಮುಂದೆ ‘ಖುಷ್ಕಿ’ ಅಂತ ಬರೆಯುವ ಬದಲು ‘ಅತಿ ಶೀಘ್ರದಲ್ಲಿ’ ಅಂತ ಬರೆದುಬಿಟ್ಟೆ. ಶಿರಸ್ತೇದಾರರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆ ಎರಡು ಪದ ನನ್ನ ತಲೆಗೆ ಎಲ್ಲಿಂದ ಹೊಕ್ಕವು ಎಂಬುದನ್ನು ಹೇಳಲಿಕ್ಕೇ ಈ ಕಾಗದ. ಬರೆಯುತ್ತ ಬರೆಯುತ್ತ ಏಳುತ್ತೇನೆ, ಬಾಗಿಲ ತನಕ ಹೋಗುತ್ತೇನೆ, ಶಿರಾಳಕೊಪ್ಪದ ಬಸ್ಸು ಬಂತೇ ಅಂತ ನೋಡಿ ಮತ್ತೆ ಬಂದು ಕೂರುತ್ತೇನೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟರು ಇದಕ್ಕೊಂದು ಪದ ಹೇಳಿಕೊಟ್ಟಿದ್ದರು, ಸಸ್ಪೆನ್ಸೋ ಸಸ್ಪೆನ್ಷನ್ನೋ. ಇಂಟರ್‌ಮೀಡಿಯೆಟ್ ಅರ್ಧಕ್ಕೆ ಬಿಟ್ಟವನಿಗೆ ಪದಗಳೂ ಅರ್ಧರ್ಧವೇ ಉಳಿಯುತ್ತವೆ.

ಶಿರಾಳಕೊಪ್ಪದಲ್ಲಿ ಶೇಷಪ್ಪ ಹಾಕಿರುವ ಟೆಂಟ್ ಸಿನಿಮಾ ನಿನಗೆ ಗೊತ್ತಲ್ಲ. ಸಂತೆ ಮಾಳದ ಗೋಡೆಯ ಮೇಲೆ ಅವನು ಬರಲಿರುವ ಚಿತ್ರಗಳ ಪೋಸ್ಟರು ಅಂಟಿಸುತ್ತಾನೆ. ಒಂದು ಕತ್ತಿ ಕಾಳಗದ್ದು. ಅದರಲ್ಲಿ ಕುದುರೆ ಕಂದಕ ಹಾರುತ್ತದಂತೆ. ಇನ್ನೊಂದು ಭಕ್ತಿಯದು, ಅದರಲ್ಲಿ ನಿಜವಾದ ನಾಗರಹಾವು ಹೆಡೆ ಬಿಚ್ಚುತ್ತದಂತೆ. ಜನ ಸಂತೆ ಸಂತೆಗೂ ಅದರ ಮುಂದೆ ನಿಂತು, ಕುದುರೆ ದೊಡ್ಡದೋ ಹಾವು ದೊಡ್ಡದೋ ಅಂತ ವಾದ ಮಾಡಿ ಮನೆಗೆ ಹೋಗುತ್ತಾರೆ. ಎರಡೂ ಇನ್ನೂ ಬಂದಿಲ್ಲ. ಮೂರನೆಯದು ನಮ್ಮದು, ಅಂಜನಾಪುರದ ಕೆರೆ ಏರಿಯ ಮೇಲೆ ತೆಗೆದದ್ದು. ಹೆಸರೇ ಅಚ್ಚಾಗದ ಅದರ ಪೋಸ್ಟರನ್ನು ಶೇಷಪ್ಪ ಮೈದಾ ಅಂಟಿನಲ್ಲಿ ಹಚ್ಚಿದ್ದಕ್ಕೆ ಆಡುಗಳು ನಾಯಕಿಯ ಮುಖವನ್ನು ತಿಂದು ಹಾಕಿದವು. ಈಗ ಉಳಿದಿರುವುದು ‘ಅತಿ ಶೀಘ್ರದಲ್ಲಿ’ ಮಾತ್ರ. ಕೇಳಿದರೆ ಅವನದು ಒಂದೇ ಉತ್ತರ. “ರೀಲಿನ ಡಬ್ಬಿ ದಾವಣಗೆರೆ ತನಕ ಬಂದೈತಿ ಗುಮಾಸ್ತ್ರೇ, ಇನ್ನೇನ್ ಬಂತು.” ಅವನ ಬಾಯಲ್ಲಿ ದಸರೆಯಿಂದಲೂ ಆ ಡಬ್ಬಿ ದಾವಣಗೆರೆಯಲ್ಲೇ ಕೂತಿದೆ.

ಚಿತ್ರದ ಕೆಲಸವೆಲ್ಲ ಮುಗಿದಿದೆಯಂತೆ. ಆದರೆ ಬಂಡವಾಳ ಹಾಕಿದ ಇಬ್ಬರಿಗೂ ಮಾತಿಲ್ಲವಂತೆ. ಒಬ್ಬನು ಹೆಸರು ‘ಕುರಿ ಕಾಯ್ದ ರಾಣಿ’ ಅಂದರೆ ಇನ್ನೊಬ್ಬನು ‘ಸೊಸೆಯ ಸತ್ಯ’ ಅನ್ನುತ್ತಾನಂತೆ. ಹಂಚಿಕೆದಾರರು ಎರಡೂ ಬೇಡ, ಕನ್ನಡ ಚಿತ್ರಕ್ಕೆ ಥಿಯೇಟರು ಯಾರು ಕೊಡುತ್ತಾರೆ ಅನ್ನುತ್ತಾರಂತೆ. ಹೋದ ಯುಗಾದಿಗೆ ಬರುತ್ತದೆ ಅಂದರು, ಈ ಯುಗಾದಿಯೂ ಕಳೆಯಿತು. ಮಳೆ ಹಿಡಿದರೆ ಶೇಷಪ್ಪ ಟೆಂಟ್ ಬಿಚ್ಚುತ್ತಾನೆ, ಮತ್ತೆ ಕಟ್ಟುವುದು ದೀಪಾವಳಿ ಆದ ಮೇಲೆ. ನಮ್ಮ ಕಚೇರಿ ಭಾಷೆಯಲ್ಲಿ ಹೇಳುವುದಾದರೆ ಮ್ಯಾಟರ್ ಈಸ್ ಅಂಡರ್ ಕನ್ಸಿಡರೇಷನ್. ಆ ಷರಾ ಬಿದ್ದ ಕಾಗದಗಳ ಗತಿ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಆ ಶೂಟಿಂಗಿನ ಸಂಗತಿಯನ್ನು ನಿನ್ನವ್ವ ನಿನಗೆ ಅರ್ಧ ಮಾತ್ರ ಹೇಳಿದ್ದಳು ಅಂತ ಕಾಣುತ್ತದೆ, ಅವಳಿಗೆ ನಾಚಿಕೆ. ಉಳಿದದ್ದು ನಾನು ಹೇಳುತ್ತೇನೆ. ಕಂಪನಿಯವರಿಗೆ ಬೇಕಾಗಿದ್ದದ್ದು ಇಷ್ಟೇ: ನಾಯಕಿ ಏರಿಯ ಮೇಲೆ ನಡೆಯಬೇಕು, ಹಿಂದೆ ಕುರಿಮಂದೆ ಬರಬೇಕು. ಕುರಿ ನಮ್ಮವು. ನಾಯಕಿ ನಡೆದಳು, ಕುರಿಗಳು ಮೇಯುತ್ತ ನಿಂತವು. ಹಿಂದಿನಿಂದ ಹೊಡೆದರೆ ಅವಳನ್ನೇ ದಾಟಿ ಓಡಿದವು. ಆ ಹುಡುಗಿ ಕಿರುಚಿಕೊಂಡು ಕಲ್ಲು ಹತ್ತಿ ನಿಂತಳು. ಅವಳ ಕೈಗೆ ಹಸಿ ಸೊಪ್ಪು ಕೊಟ್ಟು ನೋಡಿದರು. ಟಗರು ಸೊಪ್ಪಿನ ಜೊತೆಗೆ ಸೆರಗನ್ನೂ ಎಳೆಯಿತು. ನಮ್ಮ ಕುರಿಗಳು ಬಲ್ಲದ್ದು ಒಂದೇ ದನಿ. ಕೊನೆಗೆ ಡೈರೆಕ್ಟರು ನಿನ್ನವ್ವನನ್ನು ಕರೆದು, ನಾಯಕಿಯ ಸೀರೆಯಂಥದೇ ಇನ್ನೊಂದು ಸೀರೆ ಉಡಿಸಿ, ಮುಂದೆ ನಡೆಯಮ್ಮ, ಬೆನ್ನು ಮಾತ್ರ ಕಾಣುತ್ತದೆ, ತಿರುಗಿ ನೋಡಬೇಡ ಅಂದರು. ನಿನ್ನ ಮದುವೆಯಲ್ಲಿ ಫೋಟೋದವನು ಬಂದಾಗ ಆಯಸ್ಸು ಕಡಿಮೆಯಾಗುತ್ತದೆ ಅಂತ ಅಡಿಗೆಮನೆಗೆ ಹೋಗಿ ಕೂತವಳು. ಅದನ್ನೇ ನೆನಪಿಸಿದೆ. ನೆರಿಗೆ ಹಿಡಿಯುತ್ತಲೇ ಹೇಳಿದಳು: “ಬೆನ್ನಾಗೆ ಎಲ್ಲಿ ಆಯಸ್ಸು ಇರ್ತೈತ್ರೀ? ಸುಮ್ನಿರ್ರಿ.”

ಅವಳು ಕರೆಯುತ್ತ ನಡೆದಳು, ಮಂದೆಯಷ್ಟೂ ಹಿಂದೆ ಹೊರಟಿತು. ಆದರೆ ತಡವಾಗಿ ಹುಟ್ಟಿದ ಒಂದು ಕುಂಟು ಮರಿ ಏರಿ ಹತ್ತಲಾರದೆ ಕೆಳಗೇ ಉಳಿದು ಅರಚಿತು. ನಿನ್ನವ್ವ ನಿಂತಳು, ತಿರುಗಿದಳು, ಕ್ಯಾಮೆರಾದ ಕಡೆಗೇ ಮುಖ ಮಾಡಿ, ಬಾ ನನ್ನಪ್ಪ ಅಂತ ಕೈ ಚಾಚಿದಳು. ಕುರಿ ಕಾಯುವ ಹೆಂಗಸಿಗೆ ಮರಿ ಕೂಗಿದರೂ ತಿರುಗಬೇಡ ಅಂದರೆ ಆಗುತ್ತದೆಯೇ? ಡೈರೆಕ್ಟರು ಹಣೆ ಹಣೆ ಬಡಿದುಕೊಂಡು, ಇದು ಕೆಟ್ಟಿತು, ಇನ್ನೊಂದು ಸಲ ಅಂದರು. ಎರಡನೆಯ ಸಲ ನಾನು ಕ್ಯಾಮೆರಾದ ಪಕ್ಕದಲ್ಲಿ ಮರಿಯನ್ನು ಎತ್ತಿಕೊಂಡು, ಅದರ ಬಾಯಿ ಅಂಗೈಯಲ್ಲಿ ಮುಚ್ಚಿ ನಿಂತೆ. ಅವಳು ತಿರುಗಲಿಲ್ಲ. ಏರಿಯ ತುದಿ ತನಕ ಹಾಗೇ ನಡೆದುಹೋದಳು. ನನ್ನ ಅಂಗೈಯೆಲ್ಲ ಒದ್ದೆಯಾಗಿತ್ತು. ಆರು ತಿಂಗಳೊಳಗೆ ಅವಳಿಗೆ ಜ್ವರ ಬಂತು, ನೀನು ಮದರಾಸಿನಿಂದ ಓಡಿ ಬಂದೆ, ಮುಂದಿನದು ನಿನಗೇ ಗೊತ್ತು.

ಹೋದ ವಾರ ಸೊರಬಕ್ಕೆ, ನಿನ್ನ ಚಿಕ್ಕವ್ವ ತಾಯಮ್ಮನ ಮನೆಗೆ ಹೋಗಿದ್ದೆ. ಅಲ್ಲೂ ಇದೇ ಮಾತು ಎತ್ತಿದೆ, ಬಾಯಿ ಸುಮ್ಮನಿರಬೇಕಲ್ಲ. ಅವಳು ಮೊರ ಕೆಳಗಿಟ್ಟಳು. “ಬೆನ್ನು ಅಂತ ಹೋಗಿ ಮುಖ ಕೊಟ್ಟು ಬಂದ್ಲು ನಮ್ಮಕ್ಕ. ಆ ಡಬ್ಬಿ ಅವಳನ್ನ ನುಂಗ್ತು. ಅದು ಬರದೇ ಇದ್ರೇ ಒಳ್ಳೇದು ಭಾವ. ನೀವು ಓದ್ದೋರು, ದೇವ್ರಿಗೆ ಹರಕೆ ಹೊರೋದು ಬಿಟ್ಟು ಸಿನಿಮಾಕ್ಕೆ ಹೊತ್ಕಂಡಂಗೆ ಕಾಯ್ತೀರಲ್ಲ.” ಅಕ್ಕನನ್ನು ಕಳಕೊಂಡವಳಿಗೆ ಸಿಟ್ಟು ಮಾಡಲು ಏನಾದರೊಂದು ಬೇಕು, ಡಬ್ಬಿಯೇ ಇರಲಿ. ಬಸ್ಸಿಗೆ ಹೊರಟಾಗ ಬೀದಿ ತಿರುವಿನ ತನಕ ಹಿಂದೆಯೇ ಬಂದಳು. ಕೊಟ್ಟ ಅವರೆಕಾಳಿನ ಗಂಟು ಕೈ ಬಿಡದೆ ಹೇಳಿದಳು: “ಬಂದ್ರೆ ಒಂದು ಮಾತು ಹೇಳಿ ಕಳ್ಸಿ. ಕಣ್ಣು ಮುಚ್ಕಂಡು ಕೂತಿರ್ತೀನಿ, ಅವಳು ಬಂದಾಗಷ್ಟೇ ತೆಗೀತೀನಿ.”

ಹೊರಗೆ ಬಸ್ಸು ಬಂದ ಸದ್ದು. ಎದ್ದು ಹೋಗಿ ಕಂಡಕ್ಟರನನ್ನು ಕೇಳಿ ಬಂದೆ. ಟೆಂಟಿನಲ್ಲಿ ಹಳೆಯ ಚಿತ್ರವೇ ಓಡುತ್ತಿದೆಯಂತೆ. ಮೂಡಲ ಕಡೆ ಮೋಡ ಕಟ್ಟಿದೆ. ಇಷ್ಟು ಬೇಗ ಇದಕ್ಕೇನು ಅವಸರವಿತ್ತೋ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಮಗುವಿಗೆ ಮುತ್ತು. ನಿಮ್ಮ ಮನೆ ತಣ್ಣಗಿರಲಿ, ಆ ಊರಿನ ಬಿಸಿಲು ನಿಮ್ಮನ್ನು ಮುಟ್ಟದಿರಲಿ.

ನಿನ್ನ ಅಪ್ಪ,
ಉಜ್ಜಪ್ಪ

ಮರೆತ ಮಾತು: ಟಪಾಲು ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಚಿತ್ರ ಬಂದರೂ ಅದರಲ್ಲಿರುವುದು ಅವಳ ಬೆನ್ನು. ಊರವರೆಲ್ಲ ಅದನ್ನು ನಾಯಕಿ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಆ ನಡಿಗೆ ನನಗೆ ಗೊತ್ತು, ತಾಯಮ್ಮನಿಗೆ ಗೊತ್ತು. ಆದರೆ ಮುಖ ಇರುವುದು ಆ ಕೆಟ್ಟ ತುಂಡಿನಲ್ಲಿ. ಅಂಥ ತುಂಡುಗಳನ್ನು ಕಂಪನಿಯವರು ಮೂಲೆಗೆ ರಾಶಿ ಹಾಕಿ, ಆಮೇಲೆ ತೂಕಕ್ಕೆ ಮಾರುತ್ತಾರೆಂದು ಶೇಷಪ್ಪ ನಿನ್ನೆ ಹೇಳಿದ. ನಿನ್ನೆಯಿಂದ ನನಗೆ ಕೂತಲ್ಲಿ ಕೂರಲಾಗಿಲ್ಲ. ಕಂಪನಿ ಇರುವುದು ನಿಮ್ಮ ಮದರಾಸಿನಲ್ಲೇ, ಕೋಡಂಬಾಕದ ಕಡೆ. ಅಳಿಯಂದಿರಿಗೆ ರೈಲ್ವೆಯ ರಜೆ ಸಿಕ್ಕ ದಿನ ನೀನೂ ಜೊತೆಗೆ ಹೋಗು, ಅವರು ಗಂಡಸರು, ಅವ್ವನ ಮುಖ ನಿನ್ನಷ್ಟು ಗುರುತು ಹಿಡಿಯಲಾರರು. ಆ ತುಂಡನ್ನು ಕೇಳಿ ತಂದು ಕಳಿಸು, ಗೇಣುದ್ದ ಸಾಕು, ಬಿಸಿಲಿಗೆ ಹಿಡಿದು ನೋಡಿಕೊಳ್ಳುತ್ತೇನೆ. ಹಿಂದೆ ಕುರಿ, ಮುಂದೆ ಚಾಚಿದ ಕೈ. ಇನ್ನೊಂದು ವಿಷಯ, ಆ ತುಂಡಿನಲ್ಲಿ ಬೆಳಕು ಕತ್ತಲೆ ಅದಲು ಬದಲಾಗಿರುತ್ತದಂತೆ. ಮುಖ ಕಪ್ಪಗೆ, ಕೂದಲು ಬೆಳ್ಳಗೆ ಕಾಣುತ್ತದೆ. ಯಾರೋ ಮುದುಕಿ ಅಂತ ಬಿಟ್ಟು ಬರಬೇಡ. ಅಷ್ಟು ವಯಸ್ಸಾಗುವ ತನಕ ಅವಳು ನಮ್ಮ ಜೊತೆ ಇರಲಿಲ್ಲ, ಆದರೂ ಅದು ಅವಳೇ.