ಮೂರನೇ ಕೋರ್ಟ್ ಹಾಲಿನ ಬೆಂಚು

ಮಾರ್ಚ್ ೧೪

ಪ್ರೀತಿಯ ಗುಬ್ಬಿ,

“ಕರೆದಾಗ ಓಗೊಡದವರು ದೂರ ಹೋದವರಲ್ಲ...” ಎಂ.ಎ. ಓದುವಾಗ ನಿನ್ನ ನೋಟ್‌ಬುಕ್ಕಿನಲ್ಲಿ ಹೀಗೇನೋ ಬರೆದಿದ್ದೆಯಲ್ಲ, ಮುಂದಿನ ಸಾಲು ಏನು? ಆಗ ತಲೆದೂಗಿದ್ದೆ. ಈಗ ಅನ್ನಿಸುತ್ತದೆ, ಅದನ್ನು ಕೋರ್ಟಿಗೆ ಯಾರು ಹೇಳಬೇಕು? ನಿನ್ನ ಎರಡು ಪತ್ರಗಳಿಗೂ ಓಗೊಡದವಳು ಕೇಳುತ್ತಿದ್ದಾಳೆ, ಹೊಟ್ಟೆಗೆ ಹಾಕಿಕೋ.

ಅಕ್ಕನ ಅರ್ಜಿಯ ವಿಷಯ ನಿನಗೆ ಗೊತ್ತು. ಮಗಳು ತೀರಿಕೊಂಡ ಮೇಲೆ ಅಳಿಯ ಮಗುವಿನ ಮುಖವನ್ನೇ ತೋರಿಸುತ್ತಿಲ್ಲ. ತಿಂಗಳಿಗೆ ಎರಡು ಭಾನುವಾರ ಮೊಮ್ಮಗಳನ್ನು ನೋಡಲು ಬಿಡಿ ಎಂದು ಕೇಳಿದ್ದಳು. ಜನವರಿಯಲ್ಲಿ ಅದು ವಜಾ ಆಯಿತು. ಕಾರಣ, ಅರ್ಜಿದಾರಳು ಗೈರುಹಾಜರು.

ಗೈರಂತೆ! ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಕ್ಕ ಎಂದಿನಂತೆ ಮೂರನೇ ಕೋರ್ಟ್ ಹಾಲಿನ ಬೆಂಚಿನ ಮೇಲಿದ್ದಳು. ಪ್ರಕರಣ ಐದನೆಯದಕ್ಕೆ ಬದಲಾಗಿತ್ತು, ಹೊರಗಿನ ಬೋರ್ಡಿನಲ್ಲಿ ಹಾಕಿಯೂ ಇದ್ದರು. ಅಲ್ಲಿ ಅವಳ ಹೆಸರು ಮೂರು ಸಲ ಕೂಗಿ ಮುಗಿಸಿದ್ದರು. ವಕೀಲರು ಆ ದಿನ ಬೇರೆ ಊರಿನಲ್ಲಿದ್ದರು. ಅಕ್ಕ ಮೂವತ್ತೈದು ವರ್ಷ ಆಸ್ಪತ್ರೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಮುಂದಿನ ಪಾಳಿಯವರು ಬರುವ ಮೊದಲು ಜಾಗ ಬಿಟ್ಟು ಏಳುವುದು ಅವಳ ಜಾಯಮಾನವಲ್ಲ. ನೀರು ಕುಡಿಯಲೂ ಎದ್ದಿರಲಿಲ್ಲ.

ಅರ್ಜಿಗೆ ಮರುಜೀವ ಕೇಳಲು ಮೂವತ್ತು ದಿನ ಗಡುವು. ಎದುರು ಮನೆಯಾಕೆಯನ್ನು ಜೊತೆ ಮಾಡಿಕೊಂಡು ಅಕ್ಕ ವಕೀಲರ ಹತ್ತಿರ ಹೋದಳು. ಅವರು ಸಲೀಸು ದಾರಿ ತೋರಿಸಿದರಂತೆ: “ಜ್ವರ ಇತ್ತು ಅಂತ ಬರೆಯೋಣಮ್ಮ. ಡಾಕ್ಟರ್ ಚೀಟಿ ಒಂದು ತನ್ನಿ.”

“ಗುಂಡುಕಲ್ಲಿನ ಹಾಗೆ ಕೂತಿದ್ದೆ, ಜ್ವರ ಎಲ್ಲಿಂದ ತರಲಿ? ಬೇರೆಯವರ ಜ್ವರ ಬರೆದೂ ಬರೆದೂ ಕೂದಲು ಬೆಳ್ಳಗಾಗಿದೆ ನಂದು. ಇದ್ದದ್ದು ಇದ್ದ ಹಾಗೆ ಬರೀರಿ.”

ಮೊನ್ನೆ ವಿಚಾರಣೆ. ನಾನು ಹಿಂದಿನ ಸಾಲಿನಲ್ಲಿದ್ದೆ. ಅಳಿಯನ ವಕೀಲರು ನಕ್ಕರು: “ಮೇಡಂ, ಇಡೀ ದಿನ ತಪ್ಪು ಕೋಣೆಯಲ್ಲಿ ಯಾರಾದ್ರೂ ಕೂರ್ತಾರಾ?”

“ಕೂತಿದ್ದಕ್ಕೆ ಸಾಕ್ಷಿ ಏನಮ್ಮ?” ಎಂದರು ನ್ಯಾಯಾಧೀಶೆ.

ಪಾಳಿ ಬದಲಾಗುವಾಗ ಒಂದೊಂದೇ ಮಂಚದ ರೋಗಿಯ ಸ್ಥಿತಿ ಒಪ್ಪಿಸುವ ಹಾಗೆ ಅಕ್ಕ ಶುರು ಮಾಡಿದಳು. “ಮೊದಲನೇದು ಗೋಡೆ ಜಗಳ, ಅಣ್ಣತಮ್ಮಂದು, ಮುಂದಕ್ಕೆ ಹೋಯ್ತು. ಎರಡನೇದು ಅಂಗಡಿ ಖಾಲಿ ಮಾಡಿಸೋದು. ಆ ಅಂಗಡಿಯವರಿಗೆ ಕೆಟ್ಟ ಕೆಮ್ಮು, ಎದೆ ತೋರಿಸ್ಕೋಬೇಕು. ಮೂರನೇದು...”

ಮೂರನೇ ಹಾಲಿನಲ್ಲಿ ಆ ದಿನ ನಡೆದ ಪ್ರಕರಣಗಳ ಡೈರಿ ತರಿಸಿದರು. ನ್ಯಾಯಾಧೀಶೆಯ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಹನ್ನೊಂದನೇ ಪ್ರಕರಣಕ್ಕೆ ಬಂದಾಗ “ಸಾಕಮ್ಮ” ಎಂದರು.

“ಇನ್ನೂ ಆರಿದೆ,” ಎಂದಳು ಅಕ್ಕ.

ಎದುರು ಪಕ್ಷದ ವಕೀಲರೂ ನಕ್ಕುಬಿಟ್ಟರು. ವಜಾ ಆದೇಶ ರದ್ದಾಯಿತು. ಅರ್ಜಿ ಮತ್ತೆ ಕಡತಕ್ಕೆ ಬಂತು. ಭಾನುವಾರಗಳು ಇನ್ನೂ ಸಿಕ್ಕಿಲ್ಲ, ಕೇಳುವ ಹಕ್ಕು ಮರಳಿದೆ. ಇಷ್ಟೊಂದು ಕವಿತೆ ಓದಿದ ನಾನು, ನಿಜ ಇಷ್ಟು ಸಾದಾ ಬಟ್ಟೆಯಲ್ಲಿ ನಿಂತದ್ದನ್ನು ಕಂಡದ್ದು ಅದೇ ಮೊದಲು.

ನಿನ್ನ ಮಂಡಿನೋವು ಇಳಿಯಲಿ, ಮನೆ ತುಂಬ ನಗುವಿರಲಿ.

ನಿನ್ನ
ಕನ್ನಡಕ

ಮತ್ತೆ: ಒಂದನ್ನು ಮುಚ್ಚಿಟ್ಟೆ. ಅಕ್ಕನ ಹತ್ತಿರ ಮೊಬೈಲ್ ಇಲ್ಲ. ಹಾಲ್ ಬದಲಾದ ಸುದ್ದಿಯನ್ನು ವಕೀಲರ ಗುಮಾಸ್ತರು ಹಿಂದಿನ ದಿನವೇ ಫೋನ್ ಮಾಡಿ ಹೇಳಿದ್ದು ನನಗೆ. ಓದುತ್ತಿದ್ದೆ, “ಹೇಳ್ತೀನಿ” ಎಂದು ಇಟ್ಟವಳು ಮರೆತೆ. ಎರಡು ತಿಂಗಳಿಂದ ಅಕ್ಕನ ಮುಂದೆ ಬಾಯಿ ಬಿಟ್ಟಿಲ್ಲ. ಅವಳಿಗೆ ತಿಳಿದಿಲ್ಲ ಎಂದುಕೊಂಡಿದ್ದೆ. ಇವತ್ತು ಎದುರು ಮನೆಯಾಕೆ ಬಾಗಿಲಲ್ಲೇ ನಿಂತು ಹೇಳಿದಳು: “ಜ್ವರ ಬೇಡ ಅಂದ್ರೆ, ‘ತಂಗಿ ತಿಳಿಸಲಿಲ್ಲ’ ಅಂತಾದ್ರೂ ಬರೆಯೋಣ ಅಂದ್ರು ಕಣ್ರೀ ವಕೀಲರು. ನಿಮ್ಮಕ್ಕ ಸುತರಾಂ ಒಪ್ಪಲಿಲ್ಲ. ‘ಬೋರ್ಡ್ ನೋಡದೇ ಇದ್ದದ್ದು ನನ್ನ ತಪ್ಪು, ಅಷ್ಟೇ ಬರೀರಿ. ಅವಳದ್ದನ್ನ ಅವಳೇ ಬಂದು ನನಗೆ ಹೇಳ್ತಾಳೆ’ ಅಂದ್ರು. ನೀವು ಹೇಳಿದ್ರಾ?”