ನಿಂತು ಮೂರು ನಿಮಿಷ

ಕುಲಶೇಖರ, ಮಂಗಳೂರು
ತಾ. 12-11-2024

ಪ್ರೀತಿಯ ರೊಸಾಲಿನ್‌ಗೆ ಗುಲಾಬಿಯ ನಮಸ್ಕಾರ.

ನೀನು ಪುಣೆಯಿಂದ ಹಾಕಿದ ಕಾಗದ ಬಂದು ಎರಡು ತಿಂಗಳಾಯಿತು. ತಡವಾಯಿತೆಂದು ಬೇಸರ ಮಾಡಬೇಡ. ಫೋನ್ ಮಾಡುವ ಅಂದರೆ ನಮ್ಮದು ಒಂದೇ ಕೋಣೆ, ಎಲ್ಲ ಇವರಿಗೆ ಕೇಳ್ತದೆ. ಆರನೇ ಕ್ಲಾಸಿಗೇ ಬಿಟ್ಟು ನಿನ್ನ ಜೊತೆ ಬೀಡಿ ಕಟ್ಟಲು ಕೂತವಳು ನಾನು, ಅಕ್ಷರ ತಪ್ಪಿದ್ದರೆ ಸರಿ ಮಾಡಿ ಓದು. ನಿನ್ನ ಮೊಣಕಾಲು ಹೇಗುಂಟು? ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋಗಬೇಡ, ಜಾರ್ತದೆ.

ನಮ್ಮ ಇವರು, ನಿನ್ನ ಬೋಜಣ್ಣ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಬೀಳುವುದು ನಿನಗೆ ಗೊತ್ತುಂಟು. ಕಾಲಿನಲ್ಲಿ ಶಕ್ತಿ ಇಲ್ಲ ಅಂತ ಆಸ್ಪತ್ರೆಯವರು ನಾಲ್ಕು ತಿಂಗಳು ಕಾಲಿಗೆ ವ್ಯಾಯಾಮ ಮಾಡಿಸಿದರು. ಈಗ ನರದ ಡಾಕ್ಟ್ರು ವಿಶ್ವೇಶರಿಗೆ ಬೇರೆ ಸಂಶಯ. ಬಿಪಿ, ಬೆವರು, ಮೂತ್ರ, ಇವನ್ನೆಲ್ಲ ನಮಗೆ ಗೊತ್ತಾಗದ ಹಾಗೆ ನಡೆಸುವ ನರಗಳು ಉಂಟಂತೆ. ಅವು ಸವೆಯುವ ಕಾಯಿಲೆ ಲಕ್ಷದಲ್ಲಿ ನಾಲ್ಕೈದು ಜನಕ್ಕೆ ಬರ್ತದಂತೆ. ಅದಾ, ಅಲ್ಲ ಬರೇ ಕೈ ನಡುಗುವ ಕಾಯಿಲೆಯಾ ಅಂತ ಅಳೆದು ಹೇಳಬೇಕು. ನಡುಗುವುದಾದರೆ ಮಾತ್ರೆಗೆ ಬಗ್ಗುತ್ತದೆ. ಇನ್ನೊಂದು ಅಷ್ಟಾಗಿ ಬಗ್ಗುವುದಿಲ್ಲ.

ಕಳೆದ ಗುರುವಾರ ಅಳೆದರು. ಅಂಗೈ ಅಂಗಾಲಿಗೆ ತಟ್ಟೆ ತಾಗಿಸಿ ಬೆವರು ನೋಡಿದರು, ಬೆವರೇ ಇಲ್ಲ. ಈ ಸೆಕೆಯಲ್ಲಿಯೂ ಇವರ ಅಂಗಿ ಕೊಳೆಯಾಗುವುದಿಲ್ಲ, ಒಗೆಯಲು ಸುಲಭ ಅಂತ ನಾನು ಖುಷಿಯಲ್ಲಿದ್ದೆ. ಆಮೇಲೆ ಒಂದು ಮೇಜಿನ ಮೇಲೆ ಮಲಗಿಸಿ ಬೆಲ್ಟ್ ಕಟ್ಟಿ, ಮೇಜನ್ನೇ ಎತ್ತಿ ನಿಲ್ಲಿಸಿದರು. ಅಳೆಯುವವಳು ಸ್ನೇಹಲತಾ ಅಂತ, ಒಳ್ಳೆಯ ಹುಡುಗಿ.

"ಸೀಟು ಖಾಲಿ ಉಂಟಲ್ಲ, ನಿಲ್ಲಿಸುವುದು ಯಾಕೆ ಮಾರಾಯ್ತಿ?" ಅಂದರು ಇವರು.

"ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ನಮ್ಮನ್ನು ನಿಲ್ಲಿಸಿದ್ದೀರಲ್ಲ ಕಂಡಕ್ಟ್ರೇ, ಇವತ್ತು ನಿಮ್ಮ ಸರದಿ" ಅಂದಳು ಅವಳು.

ಮಲಗಿದಾಗ ಬಿಪಿ 150 ಇತ್ತು. ಆಮೇಲೆ 118, 96. ಮೂರನೇ ನಿಮಿಷಕ್ಕೆ 82, ಇವರ ಮಾತು ಅರ್ಧದಲ್ಲಿ ನಿಂತಿತು. ಕೂಡಲೇ ಮೇಜು ಇಳಿಸಿದರು.

ಡಾಕ್ಟ್ರು ಹೇಳಿದರು, "ಬಿಪಿ ಇಷ್ಟು ಬಿದ್ದರೆ ಹೃದಯ ಓಡಬೇಕು. ಇವರದ್ದು ನಡ್ಕೊಂಡೇ ಹೋಗ್ತಾ ಉಂಟು. ನರದಿಂದ ಹೃದಯಕ್ಕೆ ಸುದ್ದಿಯೇ ಮುಟ್ಟುವುದಿಲ್ಲ." ಮತ್ತೆ ನಾನು ಮನೆಯಲ್ಲಿ ಬರೆದಿಟ್ಟ ಚೀಟಿ ತೆಗೆದರು. "ಗುಲಾಬಿಯಕ್ಕ, ಮನೆಯಲ್ಲಿ ನಿಂತಾಗ 134, 136. ಇಲ್ಲಿ 82. ಇದು ಹೇಗೆ?"

"ಮೆಷಿನ್ ಹಳೆಯದು ಡಾಕ್ಟ್ರೇ" ಅಂದೆ. ಅವರು ಹಾಗೆಯೇ ಬರೆದುಕೊಂಡರು.

ಮೆಷಿನ್ ಹಳೆಯದಲ್ಲ ರೊಸಾಲಿನ್. ಚೀಟಿಯಲ್ಲಿ ಮಲಗಿದಾಗ, ನಿಂತು ಮೂರು ನಿಮಿಷ, ಅಂತ ಗೆರೆ ಎಳೆದ ಎರಡು ಮನೆ. ಮೊದಲ ದಿನ ನಿಲ್ಲಿಸಿದಾಗ ಬಿದ್ದು ಹಣೆ ಕಪಾಟಿಗೆ ಬಡಿಯಿತು. ಮರುದಿನದಿಂದ ಮಂಚದ ಅಂಚಿಗೆ ಕೂರಿಸಿ, ಕಾಲು ನೆಲಕ್ಕೆ ತಾಗಿದರೆ ನಿಂತ ಹಾಗೆಯೇ ಅಂತ ಅಳೆದು ಬರೆದೆ. ಅದನ್ನು ನೋಡಿಯೇ ಆಸ್ಪತ್ರೆಯವರು ಬಿಪಿ ಸರಿ ಉಂಟು, ಕಾಲಿನದ್ದೇ ತೊಂದರೆ ಅಂದದ್ದು.

ಈಗ ಡಾಕ್ಟ್ರು ಹೊಸ ಮೆಷಿನ್ ಕೊಟ್ಟಿದ್ದಾರೆ. ಒಂದು ವಾರ ಅಳೆದು ತಂದ ಮೇಲೆ ಕಾಯಿಲೆಯ ಹೆಸರು ಹೇಳುತ್ತಾರೆ. ಕಣ್ಣು ಕತ್ತಲೆ ಬಂದರೆ ಕೂರಿಸಿ, ಆದರೆ ಕೂರಿಸಿ ಅಳೆಯಬೇಡಿ ಅಂದರು. ಅವರಿಗೆ ಗೊತ್ತಾಗಿರಬಹುದಾ?

ಕಾಗದ ಉದ್ದವಾಯಿತು. ನಿನ್ನ ಮೊಮ್ಮಗಳು ಅನುಷ್ಕಾಳಿಗೆ ಒಳ್ಳೆಯ ಬುದ್ಧಿ, ಆಯುಸ್ಸು ಬರಲಿ. ರಸ್ತೆಯಲ್ಲಿ ಅವಳ ಕೈ ಬಿಡಬೇಡ. ದೇವರು ನಿಮ್ಮನ್ನು ಚೆಂದದಲ್ಲಿ ಇಟ್ಟಿರಲಿ.

ಇಂತಿ ನಿನ್ನ
ಗುಲಾಬಿ

ಮರೆತದ್ದು: ಇವತ್ತು ಬೆಳಿಗ್ಗೆ ಇವರನ್ನು ನಿಲ್ಲಿಸಿ ಅಳೆಯಲು ಸುರು ಮಾಡಿದೆ. ಹಿಡಿಯಲು ಹೋದರೆ ಇವರು ಕೈ ತೆಗೆಸಿದರು. "ನೀನು ಕೂರಿಸಿ ಬರೆಯುವುದು ಸರಿ ಅಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ನೀನು ಹೆದರ್ತಿ ಅಂತ ಸುಮ್ಮನಿದ್ದೆ" ಅಂದರು. ನಾಲ್ಕು ತಿಂಗಳು, ರೊಸಾಲಿನ್. ಒಂದನೇ ನಿಮಿಷಕ್ಕೆ 104, ಎರಡನೆಯದಕ್ಕೆ 86, ಬರೆದೆ. ಮೂರಾಗುವ ಮೊದಲೇ ನನ್ನ ಹೆಗಲಿಗೆ ಬಂದು ಬಿದ್ದರು. ಚೀಟಿಯ ಮೂರನೇ ನಿಮಿಷದ ಮನೆಯಲ್ಲಿ ಎಂತ ಬರೆಯುವುದು ಗೊತ್ತಾಗದೆ "ಬಿದ್ದರು" ಅಂತ ಬರೆದಿದ್ದೇನೆ.