ಉಡಿ ತುಂಬಿದ್ದನ್ನು ಶುಲ್ಕವೆಂದು ಬರೆದುಕೊಂಡವರಿಗೆ

ಮಾನ್ಯ ಶುಲ್ಕ ವಿವಾದ ನಿರ್ಣಯಾಧಿಕಾರಿಗಳೇ,

ಬೇಡಕಿಹಾಳದ ಒಂದು ಮನೆಯಲ್ಲಿ ನನಗೆ ಉಡಿ ತುಂಬಿದರು. ಅದನ್ನು ತಾವು ನನ್ನ ಶುಲ್ಕವೆಂದು ಬರೆದುಕೊಂಡಿದ್ದೀರಿ. ಒಂದು ತೆಂಗಿನಕಾಯಿ, ಒಂದು ರವಿಕೆ ಖಣ, ಒಂದಿಷ್ಟು ಅಕ್ಕಿ, ಅರಿಷಿಣ ಬೇರು, ಉತ್ತತ್ತಿ. ಇವುಗಳ ಮೂಲಕ ‘ಗ್ರಾಹಕರಿಂದ ಪ್ರತಿನಿಧಿಗೆ ನೇರವಾಗಿ ಸಂದಾಯವಾಗಿದೆ’ ಎಂದು ತಮ್ಮ ಆದೇಶ ಹೇಳುತ್ತದೆ. ಹೌದೆಂದು ಒಪ್ಪಿ ನಾನು ಸಹಿ ಮಾಡಬೇಕಂತೆ. ಮಾಡುವವರೆಗೆ ನನ್ನ ಗುರುತಿನ ಚೀಟಿ ಚಾಲ್ತಿಯಲ್ಲಿ ಇರುವುದಿಲ್ಲವಂತೆ. ಚೀಟಿ ಇಲ್ಲದೆ ನಾನು ಯಾರ ಮನೆಗೂ ಕೆಲಸಕ್ಕೆ ಹೋಗುವಂತಿಲ್ಲ, ಹೋಗದಿದ್ದರೆ ನನ್ನ ಮನೆಯ ಒಲೆ ಉರಿಯುವುದಿಲ್ಲ. ಇದನ್ನೆಲ್ಲ ವಿವರಿಸಿ ತಮಗೆ ಮೇಲ್ ಕಳಿಸಿದ್ದೆ. ‘ತಮ್ಮ ಅಹವಾಲು ನಮಗೆ ಅಮೂಲ್ಯ’ ಎಂಬ ಉತ್ತರ, ನಾನು ಗುಂಡಿಯಿಂದ ಬೆರಳು ತೆಗೆಯುವ ಮೊದಲೇ ಬಂತು. ಅಷ್ಟು ವೇಗವಾಗಿ ಓದುವವರಿಗೆ ಖಾಸಗಿಯಾಗಿ ಬರೆದು ಪ್ರಯೋಜನವಿಲ್ಲ ಎನಿಸಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಆ ನಾಲ್ಕು ಜನರಿಗಾಗಿ ನನ್ನ ಕೆಲಸ ಏನೆಂದು ಹೇಳಬೇಕು. ಕಚೇರಿಗೆ ಬರಲಾಗದವರ ಮನೆಗೆ ನೋಟರಿ ವಕೀಲರನ್ನು ಕರೆದುಕೊಂಡು ಹೋಗುವುದು, ಕಾಗದವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದುವುದು, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿ ವಕೀಲರ ಮುದ್ರೆಯೊಂದಿಗೆ ತಮ್ಮ ಸಂಸ್ಥೆಗೆ ತಲುಪಿಸುವುದು. ನಿಪ್ಪಾಣಿಯ ಕಡೆ ಮರಾಠಿಯಲ್ಲಿ ಓದುತ್ತೇನೆ, ರಾಯಬಾಗದ ಕಡೆ ಕನ್ನಡದಲ್ಲಿ, ಕಾಗವಾಡದಲ್ಲಿ ಎರಡನ್ನೂ ಕಲಸಿ. ವಕೀಲರ ಶುಲ್ಕ ತಾವೇ ಕೊಡುತ್ತೀರಿ, ನನ್ನದು ಗ್ರಾಹಕರು ಬಿಲ್ಲು ಕಟ್ಟಿದ ಮೇಲೆ ತಮ್ಮ ಮೂಲಕ ಬರುತ್ತದೆ. ಶುಲ್ಕದ ತಕರಾರು ಈ ಕೆಲಸದಲ್ಲಿ ಹೊಸದೇನಲ್ಲ. ಹಾರೂಗೇರಿಯ ಅಂಗಡಿಕಾರರೊಬ್ಬರು, “ಸಹಿ ಮಾಡಿದಾಂವ ನಾ, ಪೆನ್ನ ನಂದು, ನಿನಗ್ಯಾಕ ಕೊಡಬೇಕ ರೊಕ್ಕ?” ಎಂದು ಕೇಳಿದ್ದರು. ಅನಂತಪುರದಲ್ಲಿ ಮನೆಗೆ ಬೀಗ ಹಾಕಿಕೊಂಡು ಹೊಲಕ್ಕೆ ಹೋದವರು, ನಾನು ಬರಲೇ ಇಲ್ಲವೆಂದು ದೂರು ಕೊಟ್ಟಿದ್ದರು. ಎರಡರಲ್ಲೂ ತಾವು ಗ್ರಾಹಕರ ಪರವಾಗಿ ತೀರ್ಮಾನ ಕೊಟ್ಟಿರಿ, ನಾನು ಸುಮ್ಮನಾದೆ. ಈ ಸಲವಾದರೂ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ ಎಲ್ಲ ದಪ್ಪಗೆ, ಬೇರೆಯವರದು ಎಂಬಂತೆ ಇದೆ.

ಬೇಡಕಿಹಾಳದ ದಾದಾಸಾಹೇಬರು ಕಬ್ಬು ಬೆಳೆಯುವ ರೈತರು. ಅವರ ಮಗ ಸನ್ಮತಿ ಬೆಲ್ಲದ ಗಾಣ ಹಾಕಲು ಸಾಲ ಕೇಳಿದ್ದ. ಜಮೀನು ದಾದಾಸಾಹೇಬರ ತಾಯಿ ಗಂಗೂಬಾಯಿಯವರ ಹೆಸರಿನಲ್ಲಿ ಇದ್ದುದರಿಂದ ಅವರ ಒಪ್ಪಿಗೆ ಪತ್ರ ಬೇಕಾಗಿತ್ತು. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು. ನೋಟರಿ ವಕೀಲರಾದ ಪಾರಿಸ ಅವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು, ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಧೂಳು ಕುಡಿಯುತ್ತ ಹೋದೆ. ಪತ್ರ ಓದತೊಡಗಿದಾಗ ಅಜ್ಜಿ ನಡುವೆ ತಡೆದು, “ಗಾಣ ಮುಳುಗಿದ್ರ ಹೊಲಾ ಹೋಗತೈತೇನು?” ಎಂದು ಕೇಳಿದರು. “ಸಾಲ ತೀರಸ್ಲಿಲ್ಲಂದ್ರ ಹೋಗತೈತ್ರಿ ಆಯಿ” ಎಂದೆ. ಸನ್ಮತಿ ನನ್ನನ್ನು ದುರುಗುಟ್ಟಿ ನೋಡಿದ. ಅಜ್ಜಿ ಮೊಮ್ಮಗನಿಗೆ, “ಮುಳುಗಸಬ್ಯಾಡಲೇ ಮತ್ತ” ಎಂದು ಹೇಳಿ ಹೆಬ್ಬೆಟ್ಟು ಒತ್ತಿದರು.

ಕೆಲಸ ಮುಗಿದ ಮೇಲೆ ದಾದಾಸಾಹೇಬರು ವಕೀಲರಿಗೆ ಟವೆಲ್ ಹೊದಿಸಿ, ಬಿಳಿ ಟೋಪಿ ತೊಡಿಸಿ ಮರ್ಯಾದೆ ಮಾಡಿದರು. ಸನ್ಮತಿಯ ಹೆಂಡತಿ ಮಯೂರಿ ನನಗಾಗಿ ತಾಟಿನಲ್ಲಿ ಉಡಿಯ ಸಾಮಾನು ತಂದಳು. ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಕಡೆ ಇಲ್ಲ. ನನ್ನ ಹಣೆಯ ಮೇಲೆ ಟಿಕಳಿ ಇತ್ತು. ಗ್ರಾಹಕರ ಮುಂದೆ ಲಕ್ಷಣವಾಗಿ ಕಾಣಬೇಕೆಂದು ತಮ್ಮ ತರಬೇತಿಯಲ್ಲೇ ಹೇಳಿದ್ದಾರೆ. ಆದರೆ ಸುಳ್ಳು ಹೇಳಿ ಉಡಿ ತುಂಬಿಸಿಕೊಳ್ಳಲು ಮನಸ್ಸು ಬರಲಿಲ್ಲ. “ನನಗ ಬ್ಯಾಡ್ರಿ ಅಕ್ಕಾರ, ನಮ್ಮ ಮನ್ಯಾರು ತೀರಕೊಂಡಾರ” ಎಂದೆ. ಮಯೂರಿ ತಾಟು ಹಿಡಿದು ಹೊಸ್ತಿಲಲ್ಲೇ ನಿಂತಳು. ಮುಂದೆ ಬರಲೂ ಆಗದು, ಹಿಂದೆ ಹೋಗಲೂ ಆಗದು. ನನ್ನ ಗಂಡ ಅಮೋಲ ಹೋದ ಮೇಲೆ ಇಂಥ ಹೊಸ್ತಿಲುಗಳನ್ನು ಬೇಕಾದಷ್ಟು ಕಂಡಿದ್ದೇನೆ. ಸ್ವಂತ ತಂಗಿಯ ಸೀಮಂತದ ಕುಬಸಕ್ಕೆ ಹೋಗಿ ಅಡುಗೆಮನೆಯಲ್ಲಿ ಕೂತು ಉಂಡು ಬಂದವಳು ನಾನು. ಬ್ಯಾಗು ಎತ್ತಿಕೊಂಡೆ.

“ಆ ತಾಟ ಇಲ್ಲಿ ತಾ” ಎಂದರು ಅಜ್ಜಿ ಮಂಚದಿಂದ.

“ಆಯಿ, ಅವರು…” ಎಂದಳು ಮಯೂರಿ.

“ಕೇಳೇನಿ. ಸೊಂಟ ಮುರದೈತಿ, ಕಿವಿ ನೆಟ್ಟಗ ಅದಾವು. ಬಾರವಾ, ಸೆರಗ ಒಡ್ಡು.”

ಚೂಡಿದಾರದಲ್ಲಿ ಸೆರಗು ಎಲ್ಲಿಂದ ಬರಬೇಕು? ಓಢಣಿಯನ್ನೇ ಒಡ್ಡಿದೆ. ಅಜ್ಜಿ ಮೊಣಕೈ ಊರಿ ಅರ್ಧ ಎದ್ದರು. ನೋವಿಗೆ ತುಟಿ ಕಚ್ಚಿಕೊಂಡು ಬೊಗಸೆಯಿಂದ ಅಕ್ಕಿ ಹಾಕಿದರು. “ಗಂಡ ಹ್ವಾದ್ರ ಉಡಿ ಹರದ ಹೋಗತೈತೇನು? ನಮ್ಮ ಮಾವಶಿ, ನಮ್ಮ ನೆಗೆಣ್ಣಿ, ಎಲ್ಲಾರೂ ಉಡಿ ತಾಟ ಹಿಡಕೊಂಡು ನನ್ನ ದಾಟಿ ಹೋದ್ರು ಬೇ. ವಯಸ್ಸನ್ಯಾಗ ಹ್ವಾದ ನನ್ನ ಗಂಡ. ನಾ ಹೋಗೂದ್ರಾಗ ಒಬ್ಬಾಕಿಗರೆ ತುಂಬತೇನಿ.” ವಕೀಲರು ಗೋಡೆಯ ಕಡೆ ನೋಡಿದರು. ನನಗೆ ಅಲ್ಲಿ ಏನೂ ಅನಿಸಲಿಲ್ಲ. ಮನೆಗೆ ಬಂದು ಆ ಅಕ್ಕಿಯಿಂದ ಪಾಯಸ ಮಾಡಿ ಉಣ್ಣಲು ಕೂತಾಗ ಅಳು ಬಂತು. ಅಮೋಲನ ಮಣ್ಣಿನಲ್ಲೂ ಅಷ್ಟು ಅತ್ತಿರಲಿಲ್ಲ.

ಆ ವಾರವೇ ತಮ್ಮ ಕಚೇರಿಯಿಂದ ದಾದಾಸಾಹೇಬರಿಗೆ ಫೋನ್ ಹೋಯಿತು. ನಮ್ಮ ಪ್ರತಿನಿಧಿಗೆ ಏನಾದರೂ ಕೊಟ್ಟಿರಾ ಎಂದು ಒಬ್ಬ ಹುಡುಗಿ ಹಿಂದಿಯಲ್ಲಿ ಕೇಳಿದಳಂತೆ. ಅವರು ಎದೆಯುಬ್ಬಿಸಿ, ಕೊಡದೆ ಕಳಿಸುವ ಮನೆತನ ನಮ್ಮದಲ್ಲ ಎಂದು ಖಣ, ಕಾಯಿ ಎಲ್ಲವನ್ನೂ ಎಣಿಸಿ ಹೇಳಿದರಂತೆ. ಅಲ್ಲಿಗೆ ನನ್ನ ಶುಲ್ಕ ಸಂದಿತು. ದಾದಾಸಾಹೇಬರಿಗೆ ಬಿಲ್ಲೇ ಹೋಗಲಿಲ್ಲ. ವಿಷಯ ತಿಳಿದಾಗ ಅವರೇ ನನಗೆ ಫೋನ್ ಮಾಡಿದರು. “ತಂಗಿ, ನಾ ಮಾನದ ಮಾತ ಹೇಳಿದ್ನಿ, ಅವರು ಲೆಕ್ಕದಾಗ ಬರಕೊಂಡಾರ. ನಂಬರ ಹೇಳು, ಈಗ ರೊಕ್ಕ ಹಾಕತೇನಿ” ಎಂದರು. ನೇರವಾಗಿ ತೆಗೆದುಕೊಂಡರೆ ನನ್ನ ಮೇಲೆ ಶಿಸ್ತುಕ್ರಮ. ಅವರು ತಮಗೆ ಕಟ್ಟಲು ಹೋದರೆ ‘ಈ ವಿವಾದ ಇತ್ಯರ್ಥವಾಗಿದೆ’ ಎಂದು ಹಣ ವಾಪಸು ಬಂತು. ಕೊಡುವವರು ಕೊಟ್ಟಿಲ್ಲ ಎನ್ನುತ್ತಾರೆ, ಪಡೆಯುವವಳು ಪಡೆದಿಲ್ಲ ಎನ್ನುತ್ತಾಳೆ. ಹಾಗಾದರೆ ಸ್ವಾಮಿ, ವಿವಾದ ಇರುವುದು ಯಾರ ನಡುವೆ?

ತಾವು ಕಳಿಸಿದ ಕಾಗದದಲ್ಲಿ ‘ಪಡೆದ ವಸ್ತುಗಳ ಮಾರುಕಟ್ಟೆ ಮೌಲ್ಯ’ ಬರೆಯಲು ಜಾಗ ಬಿಟ್ಟಿದ್ದೀರಿ. ಕಾಯಿಯ ದರವನ್ನು ಸಂತೆಯಲ್ಲಿ ಕೇಳಿ ಬರೆಯಬಹುದು. ಮುರಿದ ಸೊಂಟದ ಮುದುಕಿ ಮೊಣಕೈ ಊರಿ ಎದ್ದದ್ದಕ್ಕೆ ಯಾವ ಪೇಟೆಯ ದರ ಹಿಡಿಯಲಿ? ಅಂದಹಾಗೆ ವಕೀಲರ ಶುಲ್ಕ ಅವರ ಖಾತೆಗೆ ಬಂದಿದೆ, ಟವೆಲ್ಲೂ ಟೋಪಿಯೂ ಅವರ ಮನೆಯಲ್ಲೇ ಇವೆ. ಅದೇ ಮನೆ, ಅದೇ ಗಳಿಗೆ. ಅವರಿಗೆ ಕೊಟ್ಟದ್ದು ಗೌರವವಾಯಿತು, ನನಗೆ ಕೊಟ್ಟದ್ದು ಕೂಲಿಯಾಯಿತು. ಈ ಸೂಕ್ಷ್ಮವನ್ನು ತಾವು ಯಾವ ಕಲಮಿನಲ್ಲಿ ಕಂಡುಕೊಂಡಿರಿ ಎಂದು ತಿಳಿಯುವ ಆಸೆಯಿದೆ. ವಕೀಲರು ಒಳ್ಳೆಯವರು, ನನ್ನ ಟವೆಲ್ಲಿಗೂ ಶುಲ್ಕ ಮುರಿದುಕೊಳ್ಳಿ ಎಂದು ತಮಗೆ ಬರೆದಿದ್ದಾರೆ. ಅವರ ಅಹವಾಲೂ ತಮಗೆ ಅಮೂಲ್ಯವಂತೆ.

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ನನ್ನ ತಾಯಿ ಚನ್ನವ್ವ, “ಸಹಿ ಅಂತ ಒಂದ ಗೀಟ ಎಳದ ಬಿಡ ಬೇ, ಆ ಮುದುಕಿಗೇನ ಗೊತ್ತಾಗತೈತಿ?” ಎನ್ನುತ್ತಾಳೆ. ಈ ತಿಂಗಳ ನನ್ನ ಬಾಡಿಗೆ ಕೊಟ್ಟವಳು ಅವಳೇ, ಹೇಳುವ ಹಕ್ಕು ಅವಳಿಗಿದೆ. ಆದರೆ ಸಹಿ ಹಾಕಿಸುವ ಮೊದಲು ನಾನು ಎಲ್ಲರಿಗೂ ಕೇಳಲೇಬೇಕೆಂದು ತಾವೇ ಕಲಿಸಿದ ಪ್ರಶ್ನೆಗಳಿವೆ. ಇದರಲ್ಲಿ ಬರೆದದ್ದು ನಿಜವೇ? ನಿಮಗೆ ಒಪ್ಪಿಗೆಯೇ? ಯಾರಾದರೂ ಒತ್ತಾಯ ಮಾಡಿದ್ದಾರೆಯೇ? ತಮ್ಮ ಕಾಗದವನ್ನು ಮುಂದಿಟ್ಟುಕೊಂಡು ನನ್ನನ್ನೇ ಕೇಳಿಕೊಂಡೆ. ನಿಜವಲ್ಲ. ಒಪ್ಪಿಗೆಯಿಲ್ಲ. ಒತ್ತಾಯವಿದೆ. ಹೀಗೆ ಉತ್ತರಿಸಿದವರಿಂದ ನಾನು ಎಂದೂ ಸಹಿ ಹಾಕಿಸಿಲ್ಲ.

ಆದ್ದರಿಂದ ‘ಸಂದಾಯವಾಗಿದೆ’ ಎಂಬುದನ್ನು ಅಳಿಸಿ, ದಾದಾಸಾಹೇಬರಿಗೆ ಬಿಲ್ಲು ಕಳಿಸಿ, ನನ್ನ ಚೀಟಿಯನ್ನು ಚಾಲ್ತಿಗೆ ತನ್ನಿ. ಆದೇಶ ಬದಲಿಸುವ ಪದ್ಧತಿಯೇ ತಮ್ಮಲ್ಲಿ ಇಲ್ಲದಿದ್ದರೆ, ಈ ಹೆಂಗಸು ಆ ದಿನ ಪುಕ್ಕಟೆ ದುಡಿದಳು ಎಂದು ಬರೆಯಿರಿ, ಅದಕ್ಕೆ ಇವತ್ತೇ ಸಹಿ ಮಾಡುತ್ತೇನೆ. ಚೀಟಿಯನ್ನು ರದ್ದು ಮಾಡಿದರೂ ಮಾಡಿಕೊಳ್ಳಿ. ಆದರೆ ತಮ್ಮ ಕಾಗದದ ಕೆಳಗೆ ‘ಕೊಟ್ಟವರ ಸಹಿ’ ಎಂದು ಇನ್ನೊಂದು ಜಾಗವಿದೆ. ಅದನ್ನು ತುಂಬಿಸಲು ಬೇರೊಬ್ಬ ಪ್ರತಿನಿಧಿಯನ್ನು ಬೇಡಕಿಹಾಳಕ್ಕೆ ಕಳಿಸುತ್ತೀರೆಂದು ಕೇಳಿದ್ದೇನೆ. ದಯವಿಟ್ಟು ಕಳಿಸಬೇಡಿ. ಒಬ್ಬ ವಿಧವೆಗೆ ತಾನು ಕೊಟ್ಟದ್ದು ಬರೀ ಕೂಲಿ ಎಂದು ಆ ಅಜ್ಜಿಯಿಂದ ಹೆಬ್ಬೆಟ್ಟು ಒತ್ತಿಸಬೇಡಿ.

ಇಂತಿ,
ಎಲ್ಲರ ಸಹಿ ಹಾಕಿಸಿ ತನ್ನ ಸಹಿಯನ್ನು ತಡೆಹಿಡಿದಿರುವ
ಕಾಂಚನ
ಸದ್ಯ ಚಾಲ್ತಿಯಲ್ಲಿಲ್ಲದ ಪ್ರತಿನಿಧಿ, ಚಿಕ್ಕೋಡಿ